ಉಚ್ಚಂಗೆಪ್ಪನ ಮಾರು

ಇದು ನಡೆದ ಕಥೆ. ಇದರಲ್ಲಿ ನಾನು ಕಟ್ಟಿದ್ದು ಅಂತ ಏನಾದರೂ ಇದ್ದರೆ ಅದು ಒಂದು ಧ್ವನಿ ಮಾತ್ರ. ಅದನ್ನೂ ಕಟ್ಟಿದ್ದು ಈಗಲ್ಲ, ಹದಿನಾರು ವರ್ಷದ ಹಿಂದೆ, ಚನ್ನಗಿರಿ ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿನೊಳಗೆ, ಎಡಗೈಯಲ್ಲಿ ಮೂಗು ಒತ್ತಿಕೊಂಡು. ಆಡಿದ್ದು ನಾಲ್ಕೇ ಮಾತು. ಆ ನಾಲ್ಕು ಮಾತು ಮುಂದೊಂದು ದಿನ ಜಗಳೂರು ಸೀಮೆಯ ಇನ್ನೂರ ಹದಿನಾಲ್ಕು ಬಾವಿಗಳ ಹಣೆಬರಹ ಬರೆಯುತ್ತವೆ ಅಂತ ಗೊತ್ತಿದ್ದರೆ ಮೂಗನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಒತ್ತಿಕೊಳ್ಳುತ್ತಿದ್ದೆ.

ನಾನು ಪರಶುರಾಮ್, ಕೆರೆಬಿಳಚಿಯವನು. ಕಾಲೇಜಿನಲ್ಲಿ ಪಾಠ ಕಲಿತದ್ದಕ್ಕಿಂತ ಪಾಠ ಮಾಡುವವರ ಗಂಟಲು ಕಲಿತದ್ದೇ ಜಾಸ್ತಿ. ಒಮ್ಮೆ ಪ್ರಿನ್ಸಿಪಾಲರ ಧ್ವನಿಯಲ್ಲಿ ಬಾಗಿಲ ಮರೆಯಿಂದ ಜವಾನನಿಗೆ ಬೆಲ್ ಹೊಡೆಯಲು ಹೇಳಿ ಇಡೀ ಕಾಲೇಜನ್ನು ಮುಕ್ಕಾಲು ಗಂಟೆ ಮೊದಲೇ ಮನೆಗೆ ಕಳಿಸಿದ್ದೆ. ಇಂಥವನನ್ನು ಕರೆದು ಕೆಲಸ ಕೊಟ್ಟವರು ಕೊಟ್ರಬಸಪ್ಪ ಸಾರ್. ‘ಕೊಟ್ರು, ಅದಕ್ಕೇ ನೀವು ಕೊಟ್ರಬಸಪ್ಪ’ ಅಂತ ಮೊದಲ ದಿನವೇ ಅಂದಿದ್ದೆ. ಅವರು ನಗಲಿಲ್ಲ. ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, ‘ಅಂದ್ರೆ ನೋಡ್ರಿ, ಇಂಥವು ದಿನಕ್ಕೊಂದೇ ಇರ್ಲಿ’ ಅಂದರು.

ಸಾರ್ ರಿಟೈರಾದ ಮೇಷ್ಟ್ರು. ಹೊನ್ನಾಳಿಯಲ್ಲಿ, ಬಸ್‌ಸ್ಟ್ಯಾಂಡಿನಿಂದ ಹೊಳೆ ಕಡೆ ಇಳಿಯುವ ದಾರಿಯಲ್ಲಿ ಒಂದು ಮಹಡಿ ಕೋಣೆ ಹಿಡಿದು, ತೆರೆದ ಬಾವಿಗಳನ್ನು ಬರೆದಿಡುವ ಒಂದು ಸಣ್ಣ ಸಂಸ್ಥೆ ನಡೆಸುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಬಾವಿಗಳನ್ನು ಜನ ಮರೆಯುತ್ತಾರೆ, ಮರೆಯುವ ಮೊದಲು ಒಂದೊಂದಕ್ಕೂ ಒಂದು ದಾಖಲೆ ಇರಲಿ ಅನ್ನುವುದು ಅವರ ಹಟ. ಬಾವಿಯ ಹೆಸರು, ಊರು, ತೋಡಿಸಿದವರು, ಆಳ, ನೀರಿನ ರುಚಿ, ಕೊನೆಗೆ ಷರಾ, ಬೇರೇನಾದರೂ ಹೇಳುವುದಿದ್ದರೆ ಅಂತ. ಚನ್ನಗಿರಿ ತಾಲ್ಲೂಕು ನನಗೆ. ಹೊನ್ನಾಳಿಗೆ ಸ್ವತಃ ಸಾರ್. ಆಗ ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ, ಸೂರಗೊಂಡನಕೊಪ್ಪದ ಬಾವಿಗಳೂ ಹೊನ್ನಾಳಿ ಲೆಕ್ಕಕ್ಕೇ ಬರುತ್ತಿದ್ದವು. ಜಗಳೂರಿಗೆ ಉಚ್ಚಂಗೆಪ್ಪ.

ಬಿಳಿಚೋಡಿನ ಉಚ್ಚಂಗೆಪ್ಪ ನನಗಿಂತ ಹದಿನೈದು ವರ್ಷ ದೊಡ್ಡವನು, ಹದಿನೈದು ಅಂಗುಲ ಉದ್ದದವನು. ಬಸ್ಸಿನಲ್ಲಿ ಸರಳು ಹಿಡಿಯುವ ಬದಲು ಛಾವಣಿಗೇ ಅಂಗೈ ಆನಿಸಿ ನಿಲ್ಲುತ್ತಿದ್ದ. ನಾನು ಉಚ್ಚಂಗಣ್ಣ ಅನ್ನುತ್ತಿದ್ದೆ. ಮನೆಯಲ್ಲಿ ಕುರಿ, ಮಳೆ ಬಂದರೆ ಜೋಳ, ಬಾರದಿದ್ದರೆ ಬರೀ ಕುರಿ. ಆದರೆ ಬಾವಿ ಅಂದರೆ ಪ್ರಾಣ. ಯಾವ ಹೊಲದ ಯಾವ ಮೂಲೆಯಲ್ಲಿ ಯಾವ ಮುತ್ತಜ್ಜ ತೋಡಿಸಿದ್ದು ಅಂತ ಕುರಿಗಳ ಹಿಂದೆ ತಿರುಗಿಯೇ ತಿಳಿದುಕೊಂಡವನು.

ಸಾರ್ ನಮ್ಮಿಬ್ಬರಿಗೂ ಒಂದೊಂದು ಐವತ್ತು ಅಡಿ ಟೇಪು ಕೊಟ್ಟಿದ್ದರು. ನನ್ನ ಕಡೆಯ ಬಾವಿಗಳಿಗೆ ಅರ್ಧ ಟೇಪು ಸಾಕು. ಉಚ್ಚಂಗಣ್ಣನ ಕಡೆಯವಕ್ಕೆ ಪೂರ್ತಿ ಟೇಪು ಬಿಟ್ಟರೂ ತಳ ಮುಟ್ಟುತ್ತಿರಲಿಲ್ಲ. ತಳ ಮುಟ್ಟಿಸುತ್ತೇನೆ ಅಂತ ಬಗ್ಗಿ ಮೊದಲ ವಾರವೇ ಟೇಪನ್ನು ಬಾವಿಯೊಳಕ್ಕೆ ಬಿಟ್ಟುಬಿಟ್ಟ. ಹೇಳಿದರೆ ಸಾರ್ ಬೈಯುತ್ತಾರೆ. ಅದಕ್ಕೆ ಅವನ ಅಪ್ಪ, ಅಜ್ಜ ಮಾಡುತ್ತಿದ್ದ ಹಾಗೆ ಮಾಡಿದ. ಹಗ್ಗದ ತುದಿಗೆ ಗುಂಡುಕಲ್ಲು ಕಟ್ಟಿ ಇಳಿಬಿಡುವುದು, ಕಲ್ಲು ತಳಕ್ಕೆ ಕೂತಾಗ ಹಗ್ಗಕ್ಕೆ ಗುರುತು ಹಾಕಿ ಮೇಲೆಳೆಯುವುದು, ಆಮೇಲೆ ಎರಡೂ ಕೈ ಚಾಚಿ ಎದೆಯ ಮೇಲೆ ಹಗ್ಗ ಹಾಯಿಸಿ ಒಂದು ಮಾರು, ಎರಡು ಮಾರು ಅಂತ ಎಣಿಸುವುದು. ಸಂತೆಯಲ್ಲಿ ಹೂವಿನವರು ಮಾಲೆ ಅಳೆಯುವುದಿಲ್ಲವೇ, ಹಾಗೆ. ಫಾರಮ್ಮಿನಲ್ಲಿ ಬರೆದ: ಆಳ, ಹನ್ನೊಂದು ಮಾರು.

ಫಾರಮ್ಮುಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದವಳು ಮೂಕಮ್ಮ. ಹೆಸರಿಗೆ ಮೂಕಮ್ಮ, ಕೀಬೋರ್ಡಿನ ಮೇಲೆ ಕೈಯಿಟ್ಟರೆ ವಾಚಾಳಿ. ಬಾವಿಗೊಂದು ಎಕ್ಸ್‌ಎಂಎಲ್ ಕಡತ. ಅಂದರೆ ಪ್ರತಿ ಸಂಗತಿಯ ಹಿಂದೂ ಮುಂದೂ ಒಂದೊಂದು ಚೀಟಿ ಅಂಟಿಸಿ, ಇದು ಹೆಸರು, ಇದು ಊರು, ಇದು ಆಳ ಅಂತ ಹೇಳಿಟ್ಟುಬಿಡುವುದು. ಯಾವ ಚೀಟಿಯೊಳಗೆ ಏನಿರಬೇಕು, ಅಕ್ಷರವೋ ಅಂಕಿಯೋ ಅನ್ನುವ ಕಟ್ಟಳೆಗೆ ಸ್ಕೀಮಾ ಅಂತಾರೆ. ನಾವು ನಮೂನೆ ಅನ್ನುತ್ತಿದ್ದೆವು. ಮೊದಲನೇ ನಮೂನೆಯಲ್ಲಿ ಸಾರ್ ಎಲ್ಲ ಚೀಟಿಯೊಳಗೂ ಅಕ್ಷರವೇ ಇರಲಿ ಅಂದುಬಿಟ್ಟಿದ್ದರು. ‘ಅಂದ್ರೆ ನೋಡ್ರಿ, ಜನ ಏನ್ ಹೇಳ್ತಾರೋ ಅದನ್ನ ಹಂಗೇ ಬರೀರಿ.’ ಹಾಗಾಗಿ ಉಚ್ಚಂಗಣ್ಣನ ಹನ್ನೊಂದು ಮಾರು ಯಾವ ತಕರಾರೂ ಇಲ್ಲದೆ ಒಳಗೆ ಹೋಗಿ ಕೂತಿತು.

ಶನಿವಾರಕ್ಕೊಮ್ಮೆ ಎಲ್ಲರೂ ಹೊನ್ನಾಳಿಯಲ್ಲಿ ಸೇರುತ್ತಿದ್ದೆವು. ಒಂದು ಶನಿವಾರ ಅವನ ಫಾರಮ್ಮು ನೋಡಿ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಮುಂದಿನ ಮಂಗಳವಾರ ಬೂತಿಗೆ ಹೋದೆ. ಬಿಳಿಚೋಡಿನಲ್ಲಿ ಷಣ್ಮುಖಪ್ಪನ ಹೋಟೆಲಿನ ಕಾಯಿನ್ ಬಾಕ್ಸೇ ಆಗ ಉಚ್ಚಂಗಣ್ಣನ ಆಫೀಸು. ಮಧ್ಯಾಹ್ನ ಅಲ್ಲಿರುತ್ತಾನೆ ಅಂತ ಗೊತ್ತು. ಮೂಗು ಒತ್ತಿಕೊಂಡೆ, ನಶ್ಯದ ಗಂಟಲು ತಂದೆ.

“ಅಂದ್ರೆ ನೋಡ್ರಿ ಉಚ್ಚಂಗೆಪ್ಪ. ಮಾರು ಅಂತ ಬರೀತೀರಿ, ಯಾರ ಮಾರು? ನಾಳೆನೇ ದರ್ಜಿ ಹತ್ರ ಹೋಗಿ, ಎರಡೂ ಕೈ ಚಾಚಿ ನಿಂತು ಅಳತೆ ಹಾಕ್ಸಿ, ಅವನ ಸಹಿ ಮಾಡಿಸ್ಕಂಡು ಬರ್ರಿ. ಬಾಯಿಮಾತು ಬ್ಯಾಡ, ಬರಹದಾಗೆ ಇರ್ಲಿ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹೋಟೆಲಿನ ಗದ್ದಲ ಮಾತ್ರ. ಆಮೇಲೆ, “ಆಯ್ತು ಸಾರ್, ಅಳತೆ ಹಾಕ್ಸೇ ಬರ್ತೀನಿ ಸಾರ್” ಅಂದ. ಫೋನಿಟ್ಟು ಬೂತಿನಲ್ಲೇ ಕುಕ್ಕರಗಾಲಲ್ಲಿ ಕೂತು ನಕ್ಕೆ. ಆರಡಿ ಮನುಷ್ಯ ಹೊಲದ ಬೆರ್ಚಪ್ಪನ ಹಾಗೆ ಕೈ ಚಾಚಿ ದರ್ಜಿ ಅಂಗಡಿ ಮುಂದೆ ನಿಂತಿರುವ ಚಿತ್ರ ಒಂದು ವಾರ ನನ್ನ ಜೊತೆ ಊಟ ಮಾಡಿತು.

ಆದರೆ ಶನಿವಾರ ಅವನು ನಿಜವಾಗಲೂ ಚೀಟಿ ತಂದ. ಎರಡೂ ಕೈಯಲ್ಲಿ ಹಿಡಿದು ಸಾರ್‌ಗೆ ಕೊಟ್ಟ. ಈಗ ‘ಯಾರ್ರೀ ಹೇಳಿದ್ದು ನಿಮಗೆ’ ಅನ್ನುತ್ತಾರೆ ಅಂತ ನಾನು ಉಸಿರು ಬಿಗಿಹಿಡಿದು ಕೂತೆ. ಸಾರ್ ಕನ್ನಡಕದ ಮೇಲಿಂದ ಒಮ್ಮೆ ಅವನನ್ನು, ಒಮ್ಮೆ ಗೋಡೆಯನ್ನು ನೋಡಿ, “ಒಳ್ಳೇ ಕೆಲ್ಸ. ಮೂಕಮ್ಮ, ಇದನ್ನ ಷರಾದಾಗೆ ಹಾಕವ್ವ” ಅಂದುಬಿಟ್ಟರು. ತಾವೇ ಹೇಳಿ ಮರೆತಿದ್ದೇವೇನೋ ಅನ್ನುವ ಸಂಕೋಚ ಇರಬೇಕು ಅಂದುಕೊಂಡೆ. ನಗು ಬರಬೇಕಿತ್ತು. ಚೀಟಿ ಒಪ್ಪಿಸಿ ಕೂತ ಉಚ್ಚಂಗಣ್ಣನ ಮುಖದಲ್ಲಿದ್ದ ಹೆಮ್ಮೆ ನೋಡಿ ಬರಲಿಲ್ಲ. ಅವತ್ತಿನಿಂದ ಆ ಮಾತನ್ನು ನಾನು ಯಾರ ಮುಂದೆಯೂ ಎತ್ತಲಿಲ್ಲ.

ಆ ಶನಿವಾರಗಳು ಈಗಲೂ ಕಣ್ಣ ಮುಂದೆ ಬರುತ್ತವೆ. ಪೊಟ್ಟಣ ಬಿಚ್ಚಿದರೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಿಟಕಿಯಿಂದ ಹೊಳೆಗಾಳಿ, ಫ್ಯಾನ್ ಹಾಕಿದರೆ ಫಾರಮ್ಮು ಹಾರುತ್ತವೆ ಅಂತ ಸೆಖೆಯಲ್ಲೇ ಕೂರುವುದು. ಚೀಟಿ ಬಂದ ಮರುವಾರದಿಂದ ವಾರದ ವರದಿಯನ್ನು ಎದ್ದು ನಿಂತು ಓದುವ ಗೌರವವನ್ನು ಸಾರ್ ನನಗೇ ಕೊಟ್ಟರು. “ಪರಶುರಾಮ ಓದ್ಲಿ. ಅವನ ಧ್ವನಿ ಚೆನ್ನಾಗೈತೆ.” ನಾನು ಗಂಟಲು ಸರಿ ಮಾಡಿಕೊಂಡು ಗತ್ತಿನಲ್ಲಿ ಓದುತ್ತಿದ್ದೆ. ಉಚ್ಚಂಗಣ್ಣ ಹೆಗಲ ಟವೆಲ್ಲು ಬಾಯಿಗೊತ್ತಿಕೊಂಡು ಕೂರುತ್ತಿದ್ದ, ಮೂಕಮ್ಮ ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸುತ್ತಿದ್ದಳು. ಧೂಳಿನ ಕೋಣೆ, ಇಬ್ಬರಿಗೂ ಕೆಮ್ಮು ಅಂದುಕೊಂಡಿದ್ದೆ.

ಹನ್ನೊಂದು ವರ್ಷದ ಹಿಂದೆ ಎರಡನೇ ನಮೂನೆ ಬಂತು. ಅದರಲ್ಲಿ ಆಳ ಅಂದರೆ ಅಂಕಿಯೇ ಆಗಬೇಕು, ಅಡಿಯಲ್ಲೇ ಇರಬೇಕು. ಚನ್ನಗಿರಿ, ಹೊನ್ನಾಳಿ ಕಡೆಯ ಬಾವಿಗಳನ್ನು ಹೊಸ ಟೇಪು ಹಿಡಿದು ಮತ್ತೆ ಅಳೆದೆವು. ಜಗಳೂರಿಗೆ ಹೋಗುವಷ್ಟರಲ್ಲಿ ಅಲ್ಲಿ ಅಳೆಯಲು ಬಾವಿಗಳೇ ಉಳಿದಿರಲಿಲ್ಲ. ಕೆಲವನ್ನು ಮುಚ್ಚಿ ಮೇಲೆ ಕಣ ಮಾಡಿದ್ದರು, ಕೆಲವು ರಸ್ತೆಯೊಳಗೆ ಸೇರಿದ್ದವು, ಕೆಲವು ಕಸ ತುಂಬಿ ನೆಲಕ್ಕೆ ಸಮ. ಬಿಳಿಚೋಡಿನ ಅಂಚಿನಲ್ಲಿ ಕಬ್ಬಿಣದ ಜಾಲರಿ ಹೊದ್ದ ಒಂದೇ ಒಂದು ಬಾವಿ ಟೇಪಿಗೆ ಸಿಕ್ಕಿತು. ಉಳಿದ ಜಗಳೂರು ಮೊದಲನೇ ನಮೂನೆಯಲ್ಲೇ, ಉಚ್ಚಂಗಣ್ಣನ ಮಾರಿನಲ್ಲೇ ಉಳಿಯಿತು. ಕೊಟ್ರಬಸಪ್ಪ ಸಾರ್ ತೀರಿಹೋಗಿ ಆರು ವರ್ಷವಾಯಿತು. ಅವರ ಕುರ್ಚಿಯಲ್ಲಿ ಈಗ ನಾನು ಕೂರುತ್ತೇನೆ, ನಶ್ಯ ಇಲ್ಲದೆ.

ಈ ವರ್ಷ ಎಲ್ಲವನ್ನೂ ಒಂದೇ ಕಡೆ ಸೇರಿಸಿ ಜನಕ್ಕೆ ತೆರೆದಿಡುವ ಕೆಲಸಕ್ಕೆ ಕಾವ್ಯಶ್ರೀ ಬಂದಳು. ನ್ಯಾಮತಿಯ ಹುಡುಗಿ, ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದವಳು, ಮಾತು ಕಮ್ಮಿ, ತಪ್ಪು ಅದಕ್ಕಿಂತ ಕಮ್ಮಿ. ಕಡತಗಳನ್ನೆಲ್ಲ ಡಾಕ್ಯುಮೆಂಟ್ ಡೇಟಾಬೇಸು ಅನ್ನುವುದಕ್ಕೆ ಸುರಿದಳು. ಅದೊಂದು ಜೋಳಿಗೆ. ಖಾನೆ, ಕಂಬ ಅಂತ ಕೇಳುವುದಿಲ್ಲ. ಯಾವ ದಾಖಲೆಯನ್ನು ಯಾವ ಆಕಾರದಲ್ಲಿ ಹಾಕಿದರೂ ಹಾಕಿಸಿಕೊಳ್ಳುತ್ತದೆ. ಒಂದನೇ ನಮೂನೆ, ಎರಡನೇ ನಮೂನೆ ಎರಡೂ ಪಕ್ಕಪಕ್ಕ ಕೂತವು. ನ್ಯಾಮತಿಯ ಬಾವಿಗಳನ್ನೆಲ್ಲ ಹೊನ್ನಾಳಿಯಿಂದ ಬಿಡಿಸಿ ನ್ಯಾಮತಿ ತಾಲ್ಲೂಕಿಗೆ ಸೇರಿಸುವಾಗ ಅವಳ ಮುಖದಲ್ಲಿ ಸಣ್ಣ ನಗು ಇತ್ತು. ಎಲ್ಲ ಸಲೀಸಾಗಿತ್ತು. ಒಂದು ಬುಧವಾರ ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಸಾರ್, ಮೂವತ್ತು ಅಡಿಗಿಂತ ಆಳ ಇರೋ ಬಾವಿ ಎಲ್ಲಾ ತೋರ್ಸು ಅಂದೆ. ಚನ್ನಗಿರಿ ಬಂತು, ಹೊನ್ನಾಳಿ ಬಂತು, ನ್ಯಾಮತಿ ಬಂತು. ಜಗಳೂರಿಂದ ಒಂದೇ ಒಂದು.”

“ಎಲ್ಲಕ್ಕಿಂತ ಆಳ ಇರೋವು ಅಲ್ಲೇ ಕಣಮ್ಮ.”

“ಒಳಗೆ ಇದಾವೆ ಸಾರ್, ಇನ್ನೂರ ಹದಿನಾಲ್ಕೂ ಇದಾವೆ. ಕರೆದ್ರೆ ಬರಲ್ಲ. ಅಂಕಿ ಕೇಳಿದ್ರೆ ಅದು ಅಂಕಿ ಇರೋವನ್ನ ಮಾತ್ರ ನೋಡುತ್ತೆ. ಹನ್ನೊಂದು ಮಾರು ಅಂದ್ರೆ ಅದಕ್ಕೆ ಬರೀ ಅಕ್ಷರ.”

“ಆರರಿಂದ ಗುಣಿಸಿ ಅಡಿ ಮಾಡಿಬಿಡು. ಮಾರು ಅಂದ್ರೆ ಆರು ಅಡಿ ಅಂತ ಎಲ್ಲರೂ ಹೇಳ್ತಾರಲ್ಲ.”

“ಮಾಡಿ ನೋಡ್ದೆ ಸಾರ್. ಆ ಜಾಲರಿ ಬಾವಿ ಐತಲ್ಲ, ಹನ್ನೊಂದು ಮಾರು ಅಂತ ಬರೆದಿದಾರೆ. ಆರರಿಂದ ಗುಣಿಸಿದ್ರೆ ಅರವತ್ತಾರು ಅಡಿ. ಟೇಪಿನವರು ಬರೆದಿರೋದು ಅರವತ್ತೊಂಬತ್ತು ಅಡಿ ಎಂಟು ಅಂಗುಲ. ತಾಳೆ ಆಗಲ್ಲ.” ಅವಳು ಧ್ವನಿ ತಗ್ಗಿಸಿದಳು. “ಈಗ ಬಂದಿರೋ ಮೂರನೇ ನಮೂನೆ ಪ್ರಕಾರ ಪ್ರತಿ ಅಂಕಿಗೂ ಆಧಾರ ಬೇಕು. ಆಧಾರ ಇಲ್ದಿದ್ರೆ ಅಂದಾಜು ಅಂತ ಪಕ್ಕಕ್ಕಿಡೋದು, ಜನಕ್ಕೆ ತೋರಿಸೋ ಹಂಗಿಲ್ಲ. ನಮ್ಮ ಸಂಸ್ಥೆ ಸಮಿತಿಯವರೇ ಒಪ್ಪಿರೋ ನಿಯಮ ಸಾರ್. ಸೋಮವಾರ ಜನಕ್ಕೆ ತೆರೆಯೋ ಸಮಾರಂಭ, ಅಷ್ಟರೊಳಗೆ ಮುಗಿಸಬೇಕು.”

ಅಂದಾಜು ಅಂದ ಆ ಮಾತು ನನಗೆ ಚುಚ್ಚಿತು. ಉಚ್ಚಂಗಣ್ಣ ಬದುಕಿನಲ್ಲಿ ಅಂದಾಜಿನ ಮೇಲೆ ಒಂದು ಕೆಲಸ ಮಾಡಿದವನಲ್ಲ. ಕುರಿಗಳನ್ನೂ ದಿನಕ್ಕೆ ಎರಡು ಸಲ ಎಣಿಸುವವನು. ಅವನ ತೋಳು ಉದ್ದ, ಅಷ್ಟೇ ತಪ್ಪು. ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಎರಡು ವಾರದಿಂದ ಅವನು ದಿನ ಬಿಟ್ಟು ದಿನ ಫೋನ್ ಮಾಡುತ್ತಿದ್ದ.

“ಲೇ ತಮ್ಮಾ, ಸೋಮವಾರ ಬರ್ತೀನಿ. ನಿಮ್ಮ ಅತ್ತಿಗೆ ಅಜ್ಜಮ್ಮನ್ನೂ ಕರ್ಕಂಡ್ ಬರ್ತೀನಿ. ಅಂಗಿ ಹೊಲಿಯಾಕೆ ಹಾಕೀನಿ. ನನ್ನ ಬಾವಿಗಳು ಅದಾವಲ್ಲ?”

“ಅದಾವೆ ಅಣ್ಣ, ಎಲ್ಲಾ ಅದಾವೆ.”

“ನೆಲದ ಮ್ಯಾಲೆ ಒಂದೂ ಉಳೀಲಿಲ್ಲ ನೋಡು. ಅಲ್ಲಾದ್ರೂ ಅದಾವಲ್ಲ, ಸಾಕು.”

ಸೋಮವಾರ ಕಾಲೇಜಿನ ಸಭಾಂಗಣದಲ್ಲಿ ಕಂಪ್ಯೂಟರ್ ಮುಂದೆ ಕೂತು ತನ್ನ ಊರಿನ ಹೆಸರು ಒತ್ತುತ್ತಾನೆ. ಜಾಲರಿಯ ಒಂದು ಬಾವಿ ಬರುತ್ತದೆ, ಅದೂ ಬೇರೆಯವರ ಟೇಪಿನದು. ಪಕ್ಕದಲ್ಲಿ ಅಜ್ಜಮ್ಮ ಅತ್ತಿಗೆ ನಿಂತಿರುತ್ತಾಳೆ.

“ಅವರನ್ನೇ ಕರೆಸಿ ಮತ್ತೆ ಮಾರು ಅಳೆದ್ರೆ ಆಗಲ್ವಾ ಸಾರ್?” ಕಾವ್ಯಶ್ರೀ ಕೇಳಿದಳು.

ಆಗುವುದಿಲ್ಲ. ಎರಡು ವರ್ಷದ ಹಿಂದೆ ಬೈಕಿನಿಂದ ಬಿದ್ದ ಮೇಲೆ ಅವನ ಎಡಗೈ ಎದೆಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ಅಷ್ಟು ಹೇಳಿ ಬಾಯಿ ಮುಚ್ಚಿದೆ. ಮುಚ್ಚಿದ ಬಾಯಿಯೊಳಗೆ ಹದಿನಾರು ವರ್ಷದ ಚೀಟಿ ನಾಲಿಗೆಗೆ ತಗುಲಿತು.

“ಕಾವ್ಯ, ಮೊದಲನೇ ನಮೂನೆಯ ಷರಾ ಎಲ್ಲಿ?”

“ಷರಾ ತಗೊಳ್ಳಿಲ್ಲ ಸಾರ್. ಎರಡನೇ ನಮೂನೆಯಲ್ಲೇ ಬಿಟ್ಟಿದ್ರು, ಮೂರರಲ್ಲೂ ಇಲ್ಲ. ಹಳೇ ಕಡತದಲ್ಲಿ ಇರ್ಬೇಕು.”

ಹಳೇ ಕಡತ ತೆಗೆಸಿದೆ. ಒಂದೊಂದೇ ಷರಾ ಪರದೆಯ ಮೇಲೆ ಹಾದು ಹೋಯಿತು. ‘ನೀರು ಸಿಹಿ, ಬೇಳೆ ಬೇಗ ಬೇಯುತ್ತದೆ.’ ‘ಈ ಬಾವಿಯ ಮೆಟ್ಟಿಲ ಮೇಲೆ ಮಾಲೀಕರ ತಾಯಿ ಕೂತು ಹಾಡುತ್ತಿದ್ದರಂತೆ.’ ‘ಟೇಪು ಇದರಲ್ಲಿ ಬಿದ್ದಿದೆ. ಸಾರ್‌ಗೆ ಹೇಳಿಲ್ಲ.’ ಕಾವ್ಯಶ್ರೀ ಮೊದಲ ಸಲ ಜೋರಾಗಿ ನಕ್ಕಳು. ಸಾರ್ ಈ ಷರಾ ಓದಿಯೂ ಓದದವರ ಹಾಗೆ ಇದ್ದರೇ? ನಲವತ್ತೊಂದನೇ ಬಾವಿಗೆ ಬಂದು ನಿಂತೆವು.

‘ಮೇಲಿನವರ ಮೌಖಿಕ ಆದೇಶದ ಮೇರೆಗೆ ನನ್ನ ಮಾರು ಅಳೆಸಲಾಗಿ ಆರು ಅಡಿ ನಾಲ್ಕು ಅಂಗುಲ ಬಂದಿರುತ್ತದೆ. ಅಳೆದವರು ದರ್ಜಿ ಓಂಕಾರ್, ಬಿಳಿಚೋಡು. ಸಹಿ ಇದೆ.’

ಅವಳು ಮೊಬೈಲಿನಲ್ಲಿ ಗುಣಿಸಿದಳು. ಹನ್ನೊಂದು ಮಾರು, ಒಂದಕ್ಕೆ ಎಪ್ಪತ್ತಾರು ಅಂಗುಲ. ಎಂಟುನೂರ ಮೂವತ್ತಾರು ಅಂಗುಲ. ಅರವತ್ತೊಂಬತ್ತು ಅಡಿ ಎಂಟು ಅಂಗುಲ. ಒಂದು ಅಂಗುಲವೂ ಆಚೀಚೆ ಇಲ್ಲ. ಆ ಮಾರಿಗೆ ಅವಳು ಅಲ್ಲೇ ಮಾರುಹೋದಳು.

“ಸಾರ್, ಇಷ್ಟು ಚೆನ್ನಾಗಿ ಯೋಚನೆ ಮಾಡಿದ್ದು ಯಾರು? ಯಾರ ಮಾರು ಅಂತ ಕೇಳಿ, ಅಳೆಸಿ, ಸಹಿ ತಗೊಂಡು... ನಮ್ಮ ಕಾಲೇಜಲ್ಲಿ ಪಾಠ ಮಾಡ್ಬೇಕು ಇಂಥದ್ದನ್ನ.” ಬೆರಳು ಕೀಬೋರ್ಡಿನ ಮೇಲೆ ನಿಂತವು. “ಆದೇಶ ಕೊಟ್ಟವರ ಹೆಸರು ಹಾಕ್ಬೇಕು. ಆ ಜಾಗ ಖಾಲಿ ಬಿಟ್ರೆ ಇದನ್ನೂ ಒಳಗೆ ಬಿಡಲ್ಲ. ಕೊಟ್ರಬಸಪ್ಪ ಅವರದ್ದು ತಾನೆ?”

ಹೌದು ಅಂದರೆ ಮುಗಿಯಿತು. ಕೇಳಲು ಸಾರ್ ಇಲ್ಲ. ಬೇಕಿದ್ದರೆ ಅವರ ಗಂಟಲಿನಲ್ಲೇ ಹೌದು ಅನ್ನಬಲ್ಲೆ. ಆದರೆ ಸುಳ್ಳು ಹೆಸರಿನ ಮೇಲೆ ಇನ್ನೂರ ಹದಿನಾಲ್ಕು ಬಾವಿ ಕೂರಿಸುವುದು ಹೇಗೆ, ಅದೂ ಅವರ ಕುರ್ಚಿಯಲ್ಲೇ ಕೂತು? ನಿಜ ಹೇಳಿದರೆ ಅದು ಆದೇಶವೇ ಅಲ್ಲ, ಕೀಟಲೆ. ಸಮಿತಿಯವರು ಕೀಟಲೆಯನ್ನು ಆಧಾರ ಅಂತ ಒಪ್ಪುತ್ತಾರೋ ಇಲ್ಲವೋ. ಒಪ್ಪಿದರೂ, ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ ಆ ಚೀಟಿ ತನ್ನನ್ನು ಬೆರ್ಚಪ್ಪ ಮಾಡಿದ ತಮಾಷೆ ಅಂತ ಉಚ್ಚಂಗಣ್ಣನಿಗೆ ಗೊತ್ತಾಗಲೇಬೇಕು.

“ಹೆಸರು ಈಗ ಹಾಕಬೇಡ,” ಅಂದೆ. “ನಾಳೆ ಬಿಳಿಚೋಡಿಗೆ ಹೋಗೋಣ. ನೀನೂ ಬಾ.”

ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು ಬಸ್ಸು. ಕಾವ್ಯಶ್ರೀ ಲ್ಯಾಪ್‌ಟಾಪ್ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ದಾರಿಯಲ್ಲಿ ಅವಳಿಗೆ ಎಲ್ಲ ಹೇಳಿದೆ, ಬೂತು, ಮೂಗು, ನಾಲ್ಕು ಮಾತು. ಅವಳು “ಹಂಗಾದ್ರೆ ಯೋಚನೆ ನಿಮ್ಮದೇ ಸಾರ್” ಅಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ.

ಬಿಳಿಚೋಡಿನಲ್ಲಿ ಷಣ್ಮುಖಪ್ಪನ ಹೋಟೆಲು ಈಗ ಮೊಬೈಲ್ ರೀಚಾರ್ಜ್ ಅಂಗಡಿ. ಕಾಯಿನ್ ಬಾಕ್ಸ್ ಇದ್ದ ಗೋಡೆಯಲ್ಲಿ ನಾಲ್ಕು ಮೊಳೆಯ ತೂತು ಮಾತ್ರ ಉಳಿದಿವೆ. ಉಚ್ಚಂಗಣ್ಣ ಮನೆ ಮುಂದಿನ ಬೇವಿನ ಕೆಳಗೆ ಕೂತಿದ್ದ. ಬೆನ್ನು ಸ್ವಲ್ಪ ಬಾಗಿದೆ, ಆದರೂ ಕೂತವನ ತಲೆ ನಿಂತ ನನ್ನ ಎದೆಗೆ ಬರುತ್ತದೆ. ಅಜ್ಜಮ್ಮ ಅತ್ತಿಗೆ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೊಂಬು ಮಜ್ಜಿಗೆ ತಂದಿಟ್ಟು, ಕಾವ್ಯಶ್ರೀಯ ಪಕ್ಕ ಕೂತಳು.

“ಸೋಮವಾರ ನಾವೇ ಬರ್ತಿದ್ವಲ್ಲ, ಅಷ್ಟ್ ದೂರದಿಂದ ಯಾಕ್ ಬಂದ್ರಿ?” ಅಂದಳು. “ಏನಾರ ತೊಂದ್ರೆ ಐತಾ?”

“ಐತೆ ಅತ್ತಿಗೆ. ಅಣ್ಣನ ಬಾವಿಗಳು ಸೋಮವಾರ ಕಾಣಂಗಿಲ್ಲ ಅಂತಾರೆ.”

ಉಚ್ಚಂಗಣ್ಣ ಮುರಿದ ರೊಟ್ಟಿಯನ್ನು ತಟ್ಟೆಗೆ ಹಾಕಿದ. “ಅದಾವೆ ಅಂದಿದ್ದಲ್ಲೋ.”

“ಅದಾವೆ. ಮಾರು ಅಂದ್ರೆ ಎಷ್ಟು ಅನ್ನಾಕೆ ಆಧಾರ ಬೇಕಂತೆ. ನಿನ್ನ ಚೀಟಿ ಸಿಕ್ಕೈತೆ, ಓಂಕಾರ್ ಅಳೆದದ್ದು. ಅದು ಸಾಕು. ಆದ್ರೆ ಅಳೆಸು ಅಂತ ಹೇಳಿದ್ದು ಯಾರು ಅಂತ ಬರೀಬೇಕು.”

“ಸಾರು.”

“ಸಾರ್ ಅಲ್ಲ ಅಣ್ಣ.” ಮಜ್ಜಿಗೆ ಚೊಂಬನ್ನೇ ನೋಡುತ್ತ ಹೇಳಿಬಿಟ್ಟೆ. “ಅವತ್ತು ಫೋನ್ ಮಾಡಿದ್ದು ನಾನು. ಚನ್ನಗಿರಿ ಬೂತಿಂದ. ಮೂಗು ಒತ್ತಿಕೊಂಡು. ನಿನ್ನನ್ನ ದರ್ಜಿ ಅಂಗಡಿ ಮುಂದೆ ಕೈ ಚಾಚಿ ನಿಲ್ಲಿಸಾಕೆ, ಬರೀ ನಗಾಕೆ. ಹದಿನಾರು ವರ್ಷ ಹೇಳಲಿಲ್ಲ.”

ಹಟ್ಟಿಯಲ್ಲಿ ಒಂದು ಕುರಿ ಕೆಮ್ಮಿತು. ಉಚ್ಚಂಗಣ್ಣ ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅವನ ಮುಖ ಏನನ್ನೂ ಹೇಳಲಿಲ್ಲ. ಅಜ್ಜಮ್ಮ ಅತ್ತಿಗೆ ಮಾತ್ರ ಸೆರಗನ್ನು ಬಾಯಿಗೆ ತಂದುಕೊಂಡಳು. ಅಳುತ್ತಾಳೆ ಅಂದುಕೊಂಡೆ.

“ಯಾವ ವಾರ ಅದು?” ಅಂದ ಉಚ್ಚಂಗಣ್ಣ.

“ಮಂಗಳವಾರ.”

“ಹ್ಞಾಂ. ಮಂಗಳವಾರ. ಅವತ್ತು ಸಾರು ನನ್ನ ಕೆಲ್ಸ ನೋಡಾಕೆ ಇಲ್ಲಿಗೆ ಬಂದಿದ್ರು. ಷಣ್ಮುಖಪ್ಪನ ಹೋಟ್ಲಾಗೆ ನನ್ನ ಎದುರಿಗೇ ಕುಂತು ಬಜ್ಜಿ ತಿಂತಿದ್ರು. ಫೋನ್ ಬಂತು. ಎತ್ತಿದ್ರೆ ಒಳಗೂ ಸಾರು, ಹೊರಗೂ ಸಾರು.”

ನನ್ನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

“ನಂಗೆ ದೆವ್ವ ಬಡದಂಗ್ ಆತು. ಫೋನನ್ನ ಸಾರಿನ ಕಿವಿಗೆ ಹಿಡಿದೆ. ಅವರು ಕೈಯಾಗಿನ ಬಜ್ಜಿ ಇಳಿಸಿ, ತಮ್ಮ ಮಾತು ತಾವೇ ಪೂರ್ತಿ ಕೇಳಿದ್ರು. ಕೇಳಿ, ಕೈ ಅಡ್ಡ ಇಟ್ಟು ನನಗೆ ಹೇಳಿದ್ರು, ‘ಇದು ನಮ್ಮ ಪರಶುರಾಮ. ನನಗಿಂತ ಚೆನ್ನಾಗಿ ಮಾತಾಡ್ತಾನೆ. ಹೇಳಿರಾದು ಸರಿ ಐತೆ, ಯಾರ ಮಾರು ಅಂತ ನನಗೇ ಹೊಳೀಲಿಲ್ಲ ನೋಡು. ಆಯ್ತು ಸಾರ್ ಅನ್ನು. ಅಳತೆ ಹಾಕ್ಸಿಬಿಡು.’ ನಾನು ಆಯ್ತು ಸಾರ್ ಅಂದೆ. ಓಂಕಾರನ ಅಂಗಡೀಗೆ ಅವರೇ ಕರ್ಕಂಡ್ ಹೋದ್ರು. ಟೇಪಿನ ಈ ತುದಿ ಓಂಕಾರ, ಆ ತುದಿ ಹಿಡಿದಿದ್ದು ಸಾರು.”

“ಮತ್ತೆ ಶನಿವಾರ, ಚೀಟಿ ಕೊಟ್ಟಾಗ...”

“ನಿನ್ನ ಮುಖ ನೋಡಾಕೆ ಕೊಟ್ಟಿದ್ದು. ನಾನು ನಗಬಾರ್ದು ಅಂತ ಸಾರು ಆಣೆ ಹಾಕ್ಸಿದ್ರು.”

“ಬೈಯಲಿಲ್ಲ ಯಾಕೆ?”

“ಬೈದ್ರೆ ನೀನು ನಿಲ್ಲಿಸ್ತಿದ್ದೆ. ಅವರಿಗೆ ನಿನ್ನ ಬಾಯಾಗೆ ತಮ್ಮ ಧ್ವನಿ ಕೇಳೋ ಚಟ ಹತ್ತಿತ್ತು. ಮರುವಾರದಿಂದ ವರದಿ ಓದಾಕೆ ನಿನ್ನ ನಿಲ್ಲಿಸಿದ್ದು ಮತ್ಯಾಕೆ? ಅವರ ಎದುರಿಗೆ ನಿಂತು ಅವರಂಗೇ ಓದ್ತಿದ್ದೆ ನೀನು, ಅಂದ್ರೆ ನೋಡ್ರಿ ಅಂತ ಶುರು ಮಾಡಿ. ನಿನಗೇ ಗೊತ್ತಿರ್ಲಿಲ್ಲ. ಮೂಕಮ್ಮನಿಗೆ ಗೊತ್ತು, ಕೆಳಗಿನ ಟೀ ಅಂಗಡಿಯವನಿಗೆ ಗೊತ್ತು. ಇಕಾ, ಇವಳಿಗೂ ಗೊತ್ತು.”

ಅಜ್ಜಮ್ಮ ಅತ್ತಿಗೆ ಸೆರಗು ತೆಗೆದಳು. ಅತ್ತಿರಲಿಲ್ಲ. “ನಾನು ಎಷ್ಟ್ ಸಲ ಹೇಳೀನಿ, ಪಾಪ ಆ ಹುಡುಗಂಗೆ ಹೇಳ್ರಿ ಅಂತ,” ಅಂದಳು. ಆ ಹುಡುಗನಿಗೆ ಈಗ ನಲವತ್ತು.

ಟವೆಲ್ಲಿನ ಕೆಮ್ಮು, ಕಂಪ್ಯೂಟರಿನ ಹಿಂದೆ ತಗ್ಗಿದ ತಲೆ, ಗೋಡೆಯ ಕಡೆ ಹೊರಳಿದ ಸಾರ್ ಕಣ್ಣು. ಒಂದೊಂದೇ ಶನಿವಾರ ಎದ್ದು ಬಂದು ಎದುರಿಗೆ ಕೂತಿತು.

ಕಾವ್ಯಶ್ರೀ ಲ್ಯಾಪ್‌ಟಾಪ್ ತೆರೆದಿದ್ದಳು. “ಹಂಗಾದ್ರೆ ಆದೇಶ ಕೊಟ್ರಬಸಪ್ಪ ಅವರದ್ದೇ. ಎದುರಿಗೇ ಹೇಳಿದಾರೆ, ಟೇಪೂ ಹಿಡಿದಿದಾರೆ. ನೀವು ಸಾಕ್ಷಿ ಅಂತ ಬರ್ಕೊಳ್ಲಾ ಅಜ್ಜಾರೆ?”

“ಬರ್ಕಳವ್ವ. ಆದ್ರೆ ಧ್ವನಿ ಇವಂದು ಅಂತನೂ ಬರಿ.”

“ಅದಕ್ಕೆ ಖಾನೆ ಇಲ್ಲ.” ಅವಳು ಒಂದು ಕ್ಷಣ ಯೋಚಿಸಿದಳು. “ಮಾಡ್ತೀನಿ ಇರಿ. ಷರಾ ವಾಪಸ್ ತರ್ತೀನಿ. ಅಂಕಿ ಬೇಡ, ಏನ್ ಬೇಕಾದ್ರೂ ಬರೆಯೋ ಹಂಗೆ, ಬರೀ ಅಕ್ಷರ. ಮೊದಲನೇ ನಮೂನೆಯಲ್ಲಿ ಇತ್ತಲ್ಲ, ಹಂಗೇ.” ಬರೆದಳು. ಇನ್ನೂರ ಹದಿನಾಲ್ಕಕ್ಕೂ ಅದೇ ಆಧಾರ ಜೋಡಿಸಿದಳು. ಆಮೇಲೆ ಜಗಳೂರು, ಮೂವತ್ತು ಅಡಿಗಿಂತ ಆಳ ಅಂತ ಕೇಳಿದಳು. ಪರದೆಯ ಮೇಲೆ ಬಾವಿಗಳು ಒಂದರ ಕೆಳಗೊಂದು ಇಳಿಯತೊಡಗಿದವು. ಉಚ್ಚಂಗಣ್ಣ ಹತ್ತಿರ ಸರಿದು, ಬಲಗೈ ಬೆರಳಿನಿಂದ ಒಂದೊಂದನ್ನೇ ಮುಟ್ಟುತ್ತ, ತೋಡಿಸಿದವರ ಹೆಸರು ಹೇಳುತ್ತ ಹೋದ. ಕಾವ್ಯಶ್ರೀ ಓದುವ ಮೊದಲೇ ಹೇಳುತ್ತಿದ್ದ.

ಇಪ್ಪತ್ತೋ ಮೂವತ್ತೋ ಆದ ಮೇಲೆ ನಿಲ್ಲಿಸಿದ.

“ತಮ್ಮಾ,” ಅಂದ. “ಒಂದ್ ಸಲ ಸಾರನ್ನ ಮಾತಾಡ್ಸು. ಆರು ವರ್ಷ ಆತು ಕೇಳಿ.”

ಸಾರ್ ಹೋದ ಮೇಲೆ ನಾನು ಆ ಗಂಟಲು ಮುಟ್ಟಿರಲಿಲ್ಲ. ಇದೆಯೋ ಹೋಗಿದೆಯೋ ಗೊತ್ತಿರಲಿಲ್ಲ. ಎಡಗೈಯಲ್ಲಿ ಮೂಗು ಒತ್ತಿಕೊಂಡೆ.

“ಅಂದ್ರೆ ನೋಡ್ರಿ ಉಚ್ಚಂಗೆಪ್ಪ. ಟೇಪು ಎಲ್ಲೈತೆ?”

ಅವನು ಕೂತಲ್ಲೇ ನೆಟ್ಟಗಾದ. ಕೈ ತಾನಾಗಿ ಟವೆಲ್ಲಿಗೆ ಹೋಯಿತು. “ಬಾವ್ಯಾಗೆ ಐತೆ ಸಾರ್,” ಅಂದ. ಹದಿನಾರು ವರ್ಷದ ಮೇಲೆ ಒಪ್ಪಿಕೊಂಡ.

“ಬಾಯಿಮಾತು ಬ್ಯಾಡ. ಬರಹದಾಗೆ...” ಅಷ್ಟರಲ್ಲಿ ಸಾರ್ ಗಂಟಲು ನನ್ನ ಕೈಬಿಟ್ಟಿತು. ಎದುರಿಗೆ ಬಜ್ಜಿ ಕೆಳಗಿಟ್ಟು, ತಮ್ಮದೇ ಧ್ವನಿಗೆ ಕಿವಿಗೊಟ್ಟು ಕೂತ ಸಾರ್ ಕಂಡರು. ಆ ಕಡೆ ತುದಿಯಲ್ಲಿ ನಾನು, ಬೂತಿನಲ್ಲಿ, ಜಗತ್ತನ್ನೇ ಏಮಾರಿಸಿದವನ ಹಾಗೆ ಕುಕ್ಕರಗಾಲಲ್ಲಿ. ಉಚ್ಚಂಗಣ್ಣ ನಕ್ಕ, ಅತ್ತಿಗೆ ನಕ್ಕಳು, ಕಾವ್ಯಶ್ರೀ ಲ್ಯಾಪ್‌ಟಾಪ್ ಬೀಳದ ಹಾಗೆ ಹಿಡಿದುಕೊಂಡು ನಕ್ಕಳು. ಹಟ್ಟಿಯ ಕುರಿಗಳು ಬೆದರಿ ಮೂಲೆಗೆ ಸರಿದದ್ದು ಮಾತ್ರ ಅವರ ನಗುವಿಗಲ್ಲ, ನನ್ನ ನಗುವಿಗೆ.